ಕಾಲುವೆಗೆ ಬಿದ್ದ ಮಾರ್ತಾ

ಮಾರ್ತಾಳ ಕಿವಿಯಿಂದ ಹೆಡ್‌ಫೋನ್ ಬಿಚ್ಚಿ ಬರಲಿಲ್ಲ. ಬಸವಂತ್ರಾಯ ಉಗುರಿನ ತುದಿಯಿಂದ ಮತ್ತೊಮ್ಮೆ ಮೆಲ್ಲಗೆ ಎತ್ತಿ ನೋಡಿದ. ಅದು ತಲೆಯ ಜೊತೆಗೇ ಅಚ್ಚಿನಲ್ಲಿ ಬಂದಿತ್ತು. ಮೊಣಕೈ ಮಡಚಲಿಲ್ಲ. ಬೆನ್ನ ಮೇಲೆ ಪುಟ್ಟ ವೈರ್‌ಲೆಸ್ ಸೆಟ್ ಇರಬೇಕಾದ ಕಡೆ ಬರೀ ಒಂದು ಉಬ್ಬು, ಅದಕ್ಕೆ ಬಳಿದ ಕಪ್ಪು ಬಣ್ಣ.

"ಏನಾತ್ರಿ? ಮಾತಿಲ್ಲ ಕತಿಯಿಲ್ಲ," ಎಂದಳು ಹೆಂಡತಿ ಚಂದಮ್ಮ, ಅಡುಗೆಮನೆಯಿಂದಲೇ.

"ಇಕಿ ಮಾರ್ತಾ ಅಲ್ಲ."

"ಮತ್ತ ಯಾರು, ನಿಮ್ಮ ಸಣ್ಣವ್ವನಾ?"

ಬಸವಂತ್ರಾಯ ನಗಲಿಲ್ಲ. ಚಂದಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಗೊಂಬೆಯ ಪೆಟ್ಟಿಗೆ ತೆರೆದ ದಿನ ಮುಖ ಹೀಗೆ ಇಳಿಬಿಟ್ಟದ್ದನ್ನು ಅವಳು ಕಂಡಿರಲಿಲ್ಲ.

ಅದು ಜನವರಿ ಇಪ್ಪತ್ತಾರು, ಭಾನುವಾರ, ಮಧ್ಯಾಹ್ನ ಮೂರು ಗಂಟೆ.

ಬಸವಂತ್ರಾಯ ನೀರಾವರಿ ಇಲಾಖೆಯಲ್ಲಿ ಗೇಜ್ ರೀಡರ್. ಶಹಾಪುರದ ಹತ್ತಿರದ ಕ್ಯಾಂಪಿನಲ್ಲಿ ಮನೆ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ, ಕಾಲುವೆಯ ಗೇಟಿನ ಪಕ್ಕದ ಅಳತೆಪಟ್ಟಿಯಲ್ಲಿ ನೀರು ಎಷ್ಟು ಮೀಟರ್ ಇದೆ ಎಂದು ನೋಡಿ, ರಿಜಿಸ್ಟರಿನಲ್ಲಿ ಬರೆದು, ನಾರಾಯಣಪುರದ ಅಣೆಕಟ್ಟಿನ ಕಚೇರಿಗೆ ತಿಳಿಸುವುದು ಅವನ ಕೆಲಸ. ಈಗ ಮೊಬೈಲಿನಲ್ಲಿ ತಿಳಿಸುತ್ತಾನೆ. ಮೊದಲ ಒಂಬತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ವೈರ್‌ಲೆಸ್ ಸೆಟ್ಟಿನ ಮುಂದೆ ಕುಳಿತು, ಗರಗರ ಸದ್ದಿನ ನಡುವೆ ಅಂಕಿಗಳನ್ನು ಎರಡೆರಡು ಸಲ ಕೂಗಿ ಹೇಳಿದ್ದ.

ಪೋಲಾರ್ ಸ್ಕ್ವಾಡ್ ಎಂಬ ಹತ್ತು ಗೊಂಬೆಗಳ ಸೆಟ್ಟಿನಲ್ಲಿ ಒಂಬತ್ತನೆಯವಳು ಮಾರ್ತಾ. ಹಿಮದ ನಾಡಿನಲ್ಲಿ ಕಾದಾಡುವ ಪಡೆಯ ವೈರ್‌ಲೆಸ್ ಆಪರೇಟರ್. ಗೇಣುದ್ದದ ಆಳು, ಹದಿನಾಲ್ಕು ಕೀಲು, ಬಿಚ್ಚಿ ಹಾಕಬಹುದಾದ ಹೆಡ್‌ಫೋನ್. ಇಂಥವನ್ನು ಆ್ಯಕ್ಷನ್ ಫಿಗರ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ; ಊರಲ್ಲಿ ಎಲ್ಲರೂ ಗೊಂಬಿ ಎನ್ನುತ್ತಾರೆ. ಬಸವಂತ್ರಾಯನ ಗಾಜಿನ ಕಪಾಟಿನಲ್ಲಿ ಈ ಪಡೆಯ ಎಂಟು ಮಂದಿ ಇದ್ದರು. ಎಲ್ಲರೂ ದಪ್ಪ ತುಪ್ಪಟದ ಕೋಟು ತೊಟ್ಟವರು. ಏಪ್ರಿಲ್ ಬಂತೆಂದರೆ ಚಂದಮ್ಮ, "ಆ ಮಂದಿಗಿ ಒಂದು ಫ್ಯಾನರೆ ಹಚ್ರಿ, ಸತ್ತು ಗಿತ್ತಾರು," ಎನ್ನುತ್ತಿದ್ದಳು.

ಮಾರ್ತಾಳಿಗಾಗಿ ಅವನು ಹದಿಮೂರು ತಿಂಗಳು ಕಾದಿದ್ದ.

ಇಂಥ ಗೊಂಬೆಗಳನ್ನು ಶಹಾಪುರದಲ್ಲಿ ತರಿಸಿಕೊಡುವವಳು ಒಬ್ಬಳೇ, ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ನೋಟ್‌ಬುಕ್ಕು, ಆಟಿಕೆ ಸಾಮಾನಿನ ಅಂಗಡಿ ಇಟ್ಟಿರುವ ದೇವಕಮ್ಮ. ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ಬರುತ್ತಾಳೆ. ಕೊಂಡ ಮಾಲು ಬೇಡವೆನಿಸಿದರೆ ಏಳು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತಾಳೆ. ವಾಪಸ್ ಬಂದ ಪೆಟ್ಟಿಗೆಯ ತಳಕ್ಕೆ ಒಂದು ಚೀಟಿ ಅಂಟಿಸಿ, ಯಾರು ತಂದರು, ಯಾಕೆ ತಂದರು ಎಂದು ಬರೆಯುತ್ತಾಳೆ. ಮುಂದೆ ಕೊಳ್ಳುವವನಿಗೆ ಅದು ಹೊಸ ಮಾಲೆಂದು ಸುಳ್ಳು ಹೇಳಬಾರದು ಎಂಬುದು ಅವಳ ಕಟ್ಟುನಿಟ್ಟು.

ಈ ವಾಪಸ್ಸಿನ ವ್ಯವಹಾರವೇ ಎಲ್ಲ ಕಡೆಯ ಗೊಂಬೆ ಕೂಡಿಡುವವರನ್ನು ಗೋಳಾಡಿಸುತ್ತಿತ್ತು. ಯಾದಗಿರಿ, ರಾಯಚೂರು, ಕಲಬುರಗಿಯ ಹದಿನೇಳು ಮಂದಿಯ ವಾಟ್ಸ್ಯಾಪ್ ಗುಂಪಿನಲ್ಲಿ ವಾರಕ್ಕೊಂದು ದೂರು. ಒಬ್ಬರಿಗೆ ಹೊಸ ದೇಹದ ಮೇಲೆ ಹಳೇ ತಲೆ ಬಂದಿತ್ತು. ಇನ್ನೊಬ್ಬರ ಪೆಟ್ಟಿಗೆಯಲ್ಲಿ ತೂಕಕ್ಕೆ ಸರಿಯಾಗಿ ತೊಗರಿಬೇಳೆಯ ಪೊಟ್ಟಣ. ಯಾರೋ ಕೊಂಡು, ಒಳಗಿನ ಆಳನ್ನು ಬದಲಿಸಿ, ಪೆಟ್ಟಿಗೆಗೆ ಗೋಂದು ಹಚ್ಚಿ ಮರಳಿಸಿಬಿಡುತ್ತಾರೆ. ಅಂಗಡಿಯವರು ತೆರೆದು ನೋಡುವುದಿಲ್ಲ. ತೆರೆದರೆ ಮಾಲಿನ ಬೆಲೆ ಇಳಿಯುತ್ತದೆ. ಮೋಸ ತಿಳಿಯುವುದು ಕೊನೆಗೆ ಕೊಂಡವನಿಗೆ. ಅವನು ಹೋಗಿ ಕೇಳಿದರೆ, ಬದಲಿಸಿದವನು ನೀನೇ ಇರಬೇಕು ಎನ್ನುತ್ತಾರೆ.

ದೇವಕಮ್ಮನ ಅಂಗಡಿಯಲ್ಲಿ ಇಂಥದ್ದು ಆಗಿರಲಿಲ್ಲ.

ಈ ಮಾರ್ತಾ ಬಸವಂತ್ರಾಯನ ಕೈಗೆ ಬಂದ ದಾರಿ ಹೀಗಿತ್ತು. ಹದಿನೇಳನೇ ತಾರೀಖು ಶುಕ್ರವಾರ, ಬಸವಂತ್ರಾಯನಿಗೆ ಸುದ್ದಿ ಮುಟ್ಟುವ ಮೊದಲೇ ಅವಳನ್ನು ಕೊಂಡವನು ವಡಗೇರಾದ ತಿಮ್ಮಣ್ಣ. ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಇಪ್ಪತ್ತೊಂದಕ್ಕೆ ಅವನು ಪೆಟ್ಟಿಗೆ ವಾಪಸ್ ತಂದ. ಹೊರಗಿನ ರಟ್ಟು ತೊಯ್ದು, ಮೂಲೆ ಬಿಚ್ಚಿಕೊಂಡಿತ್ತು. ಪೆಟ್ಟಿಗೆ ಕೆಟ್ಟ ಗೊಂಬೆ ತನಗೆ ಬೇಡ ಎಂದ. ದೇವಕಮ್ಮ ಚೀಟಿ ಅಂಟಿಸಿದಳು. ರಟ್ಟು ಸರಿ ಮಾಡಿಕೊಡಲೆಂದು ಪೆಟ್ಟಿಗೆಯನ್ನು ಸುರಪುರದ ಡ್ರಾಯಿಂಗ್ ಮಾಸ್ತರ ಅಂಬ್ರಪ್ಪನವರಿಗೆ ಕಳಿಸಿದಳು. ಅವರೂ ಇದೇ ಹುಚ್ಚಿನವರು, ಮೂವತ್ತೊಂದು ಗೊಂಬೆಗಳ ಒಡೆಯರು. ಹರಿದ ರಟ್ಟಿಗೆ ಬಣ್ಣ ಕೂಡಿಸುವುದರಲ್ಲಿ ಅವರ ಕೈ ನುರಿತದ್ದು. ಮೂರು ದಿನ ತಮ್ಮ ಮನೆಯಲ್ಲಿಟ್ಟುಕೊಂಡು, ಶನಿವಾರ ಸಂಜೆ ಬಸ್ಸಿನಲ್ಲಿ ತಂದು ಅಂಗಡಿಗೆ ಮುಟ್ಟಿಸಿದ್ದರು. ಬಸವಂತ್ರಾಯನಿಗೆ ಮಾರ್ತಾ ಬೇಕೆಂಬುದು ಅವರಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಗೆಳೆತನ. ಭಾನುವಾರ ಬೆಳಿಗ್ಗೆ ಬಸವಂತ್ರಾಯ ಅದನ್ನು ಕೊಂಡು ತಂದಿದ್ದ.

ಅಂದರೆ ಒಳಗಿನ ಆಳನ್ನು ಬದಲಿಸಲು ಸಾಧ್ಯವಿದ್ದವರು ಇಬ್ಬರೇ.

ಸೋಮವಾರ ಹನ್ನೆರಡಕ್ಕೆ ಬಸವಂತ್ರಾಯ ಅಂಗಡಿಗೆ ಹೋಗಿ ನಕಲಿ ಮಾರ್ತಾಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಮಲಗಿಸಿದ. ದೇವಕಮ್ಮ ಕನ್ನಡಕ ಏರಿಸಿ ನೋಡಿದಳು.

"ಯವ್ವಾ, ಇದು ಜಾತ್ರ್ಯಾಗ ಮಾರೋ ಮಾಲು ಇದ್ದಂಗ ಅದ. ನನ್ನ ಅಂಗಡ್ಯಾಗಾ?"

"ಚೀಟಿ ನೀವೇ ಹಚ್ಚಿದ್ದಲ್ರಿ, ಅಕ್ಕಾರ?"

"ನಾನೇ ಹಚ್ಚಿದ್ದು." ಆಕೆ ಕೂಡಲೇ ತಿಮ್ಮಣ್ಣನಿಗೆ ಫೋನ್ ಹಚ್ಚಿ, ಬಸವಂತ್ರಾಯನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

ತಿಮ್ಮಣ್ಣ ತಡವರಿಸಲಿಲ್ಲ. "ಅಕ್ಕಾರ, ನಾ ಪೆಟಗಿ ಬಿಚ್ಚೇ ಇಲ್ರಿ. ಹೊರಗ ತೊಯ್ದದ್ದು ನೋಡಿ ಹಂಗೇ ತಂದೀನಿ. ಮೂರು ದಿನ ಮಾಸ್ತರ ಮನ್ಯಾಗ ಇತ್ತಲ್ಲ, ಅವರಿಗಿ ಕೇಳ್ರಿ. ಬಣ್ಣದ ಕೈ ಯಾರದದ? ನಂದಂತೂ ಅಲ್ಲಪಾ."

ಬಸವಂತ್ರಾಯ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮಾಸ್ತರರಿಗೆ ಫೋನ್ ಮಾಡಿದ. ಶಾಲೆಯ ಊಟದ ಬಿಡುವು. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ಆದದ್ದನ್ನು ಹೇಳಿದ.

"ಒಳಗ ನೋಡಿದ್ರೇನ್ರಿ, ಸರ್?"

"ಇಲ್ಲ. ಗೊಂಬಿ ಇದ್ದ ಒಳಗಿನ ಟ್ರೇ ಹೊರಗ ತೆಗದು, ಪೇಪರ್ ಸುತ್ತಿ ಅಲಮಾರದಾಗ ಇಟ್ಟಿದ್ದೆ. ರಟ್ಟಿನ ಕೆಲಸ ಮುಗದ ಮ್ಯಾಲ ಹಂಗೇ ಹಾಕಿ ಕೊಟ್ಟೆ. ನಿಮಗ ಬೇಕಾಗಿದ್ದು ಅದು. ನಾ ಯಾಕ ಮದಲ ನೋಡ್ಲಿ?"

"ಒಂದು ಸಲಾನೂ?"

ಮಕ್ಕಳ ಗದ್ದಲ ಮಾತ್ರ ಕೇಳಿತು.

"ಒಂದು ಸಲಾನೂ ಇಲ್ಲ," ಎಂದು ಹೇಳಿ ಫೋನ್ ಇಟ್ಟರು.

ಆ ಎರಡನೇ ಪ್ರಶ್ನೆ ಕೇಳಬಾರದಿತ್ತು ಎಂದು ಬಸವಂತ್ರಾಯನಿಗೆ ಮೆಟ್ಟಿಲು ಇಳಿಯುವುದರೊಳಗೆ ಗೊತ್ತಾಯಿತು. ಆದರೂ ಸಂಶಯ ಹೋಗಲಿಲ್ಲ. ಗೊಂಬೆ ಹುಚ್ಚಿನ ಮನುಷ್ಯ, ಸಿಗದ ಮಾಲು, ಮೂರು ದಿನ ಮನೆಯಲ್ಲಿ. ಪೇಪರ್ ಸರಿಸಿ ಒಮ್ಮೆಯೂ ನೋಡಲಿಲ್ಲವೆಂದರೆ ಹೇಗೆ? ತಾನಾದರೆ ನೋಡುತ್ತಿದ್ದೆ.

ತಿಮ್ಮಣ್ಣ ಸಂಜೆಯೊಳಗೆ ಸುದ್ದಿಯನ್ನು ಗುಂಪಿಗೆ ಹಾಕಿದ್ದ. ಹೆಸರು ಬರೆದಿರಲಿಲ್ಲ. 'ಸುರಪುರದಾಗ ಪೆಟಗಿ ರಿಪೇರಿಗಿ ಕೊಟ್ರ ಮೂರು ದಿನದಾಗ ಒಳಗಿನ ಮಂದಿನೂ ಬದಲಾಗ್ತಾರಂತ' ಎಂದಿದ್ದ. ಕೆಳಗೆ ನಗುವ ಮುಖಗಳು. ರಾಯಚೂರಿನವನೊಬ್ಬ, 'ಮೂರು ದಿನ ಮನ್ಯಾಗ ಇಟ್ಕೊಂಡು ನೋಡಲಾರದ ಇರ್ತಾರೇನು? ಉಪವಾಸ ಇದ್ರೇನು ಮಾಸ್ತರ?' ಎಂದು ಬರೆದ. ಏಳೂ ನಲವತ್ತಕ್ಕೆ ಅಂಬ್ರಪ್ಪ ಮಾಸ್ತರರು ಗುಂಪು ಬಿಟ್ಟರು. ಅದಾದ ಐದು ನಿಮಿಷಕ್ಕೆ ಬಸವಂತ್ರಾಯನಿಗೊಂದು ಸಂದೇಶ ಬಂತು. 'ಭಾನುವಾರ ನನ್ನ ಎಲ್ಲಾ ಗೊಂಬೆ ದೇವಕಮ್ಮನವರ ಅಂಗಡಿಗೆ ಕೊಡುತ್ತೇನೆ. ಯಾರಿಗೆ ಬೇಕೋ ಒಯ್ಯಲಿ. ಈ ಹವ್ಯಾಸ ಸಾಕು.'

ಚಂದಮ್ಮ ಅದನ್ನು ಓದಿದಳು. ಓದಿ, "ಮಾಸ್ತರ ಕಳವು ಮಾಡ್ಯಾರಂತ ನಿಮಗ ಅನಸ್ತದೇನು?" ಎಂದು ನೇರ ಕೇಳಿದಳು.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ ಅನಸ್ತದ ಅಂತಾನೇ."

ಭಾನುವಾರದೊಳಗೆ ಏನಾದರೂ ಗೊತ್ತಾಗದಿದ್ದರೆ ಗೆಳೆಯನೊಬ್ಬ ಕಳ್ಳನೆಂಬ ಹೆಸರು ಹೊತ್ತು ಮನೆಯಲ್ಲಿ ಕೂರುತ್ತಾನೆ. ಕಳ್ಳನೇ ಹೌದೋ ಅಲ್ಲವೋ ಎಂಬುದು ತನಗೂ ಗೊತ್ತಿರುವುದಿಲ್ಲ. ಗೊಂಬೆ ಹೋದದ್ದಕ್ಕಿಂತ ಇದು ಹೆಚ್ಚು ಚುಚ್ಚುತ್ತಿತ್ತು.

ಮಂಗಳವಾರ, ಇಪ್ಪತ್ತೆಂಟನೇ ತಾರೀಖು, ಬೆಳಿಗ್ಗೆ ಆರಕ್ಕೆ ಕಾಲುವೆಯಲ್ಲಿ ನೀರಿತ್ತು. ಹಿಂಗಾರಿನಲ್ಲಿ ನೀರು ಸರದಿಯ ಮೇಲೆ ಬರುತ್ತದೆ, ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್. ರೈತರಿಗೆ ಈ ಎರಡು ಮಾತು ಅಮಾವಾಸ್ಯೆ ಹುಣ್ಣಿಮೆಯಷ್ಟೇ ಬಾಯಿಪಾಠ. ಹತ್ತು ದಿನದ ಬಂದ್ ಮುಗಿದು ಅಂದು ಮತ್ತೆ ಚಾಲೂ ಆಗಿತ್ತು. ಬಸವಂತ್ರಾಯ ಅಳತೆಪಟ್ಟಿ ನೋಡಿದ. ಸೊನ್ನೆ ಬಿಂದು ಎಂಟು ಐದು. ರಿಜಿಸ್ಟರ್ ತೆರೆದು ಬರೆದ. ಅದರ ಮೇಲಿನ ಸಾಲುಗಳಲ್ಲಿ ತನ್ನದೇ ಅಕ್ಷರದಲ್ಲಿ ಒಂದರ ಕೆಳಗೊಂದು ಇಪ್ಪತ್ತು ಸಲ 'ಬಂದ್' ಎಂದಿತ್ತು. ಹದಿನೆಂಟರ ಬೆಳಿಗ್ಗೆಯಿಂದ ಇಪ್ಪತ್ತೇಳರ ಸಂಜೆಯವರೆಗೆ.

ಪೆನ್ನಿನ ಟೊಪ್ಪಿಗೆ ಹಾಕಲು ಹೋದವನು ಹಾಗೇ ನಿಂತ.

ಮನೆಗೆ ಬಂದು ಪೆಟ್ಟಿಗೆ ತಿರುಗಿಸಿ ತಳದ ಚೀಟಿ ಓದಿದ. ದೇವಕಮ್ಮನ ದುಂಡು ಅಕ್ಷರ: 'ವಾಪಸ್. ತಿಮ್ಮಣ್ಣ, ವಡಗೇರಾ. 20ನೇ ತಾರೀಖು ಸಂಜಿಗಿ ಕಾಲುವಿಗಿ ಬಿದ್ದು ತೊಯ್ದದ.'

ಆ ಚೀಟಿಯನ್ನು ಅವನು ಭಾನುವಾರದಿಂದ ನಾಲ್ಕು ಸಲವಾದರೂ ಓದಿದ್ದ. ದಿನಕ್ಕೆ ಎರಡು ಸಲ ಕಾಲುವೆಯನ್ನೇ ನೋಡುವ ಮನುಷ್ಯನಿಗೆ ಅದು ಹೊಳೆಯದೇ ಹೋದದ್ದಕ್ಕೆ ಕಾರಣವಿತ್ತು. ಈ ಸೀಮೆಗೆ ಕಾಲುವೆ ಬಂದಂದಿನಿಂದ 'ಕಾಲುವಿಗಿ ಬಿತ್ತು' ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಬರೆಯದ ಹೋಮ್‌ವರ್ಕು ಕಾಲುವೆಗೆ ಬೀಳುತ್ತದೆ. ಸಾಹೇಬರು ಕೇಳಿದ ಫೈಲು ಕಾಲುವೆಗೆ ಬೀಳುತ್ತದೆ. ಒಯ್ದವನಿಗೆ ಮರಳಿ ಕೊಡಲು ಮನಸ್ಸಿಲ್ಲದ ಛತ್ರಿ, ಎತ್ತದ ಫೋನು, ಮುರಿದ ಲಗ್ನದ ಮಾತು ಕೂಡ. ಹೇಳುವವನು ಯೋಚಿಸಿ ಹೇಳುವುದಿಲ್ಲ, ಕೇಳುವವನು ನೀರೆಷ್ಟಿತ್ತು ಎಂದು ಕೇಳುವುದಿಲ್ಲ. ತಿಮ್ಮಣ್ಣನ ನಾಲಿಗೆಗೂ ಅದೇ ಮೊದಲು ಬಂದಿರಬೇಕು. ದೇವಕಮ್ಮನೂ ಹಾಗೆಯೇ ಬರೆದುಕೊಂಡಿದ್ದಳು.

"ಇಪ್ಪತ್ತಕ್ಕ ಕಾಲುವಿ ಬಂದ್ ಇತ್ತು," ಎಂದ ಬಸವಂತ್ರಾಯ.

ಚಂದಮ್ಮ ರೊಟ್ಟಿ ತಟ್ಟುವ ಕೈ ನಿಲ್ಲಿಸಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಹಂಗಂದ್ರ ಫೋನ್ ಹಚ್ರಿ ಮಾಸ್ತರಿಗಿ!"

"ತಡಿ."

"ಇನ್ಯಾಕ ತಡೀಬೇಕು?"

"ಬಂದ್ ಅಂದ್ರ ನನ್ನ ಗೇಟಿನಾಗ ಬಂದ್. ವಡಗೇರಾ ಕಡಿ ತಗ್ಗಿನಾಗ ನೀರ್ ನಿಂತಿರಬಹುದು. ನೋಡಲಾರದ ಒಬ್ಬರ ಮ್ಯಾಲ ಹೊರಿಸಿದ್ದು ಸಾಕಾಗ್ಯದ, ಇನ್ನೊಬ್ಬರ ಮ್ಯಾಲ ಬ್ಯಾಡ."

ದೇವಕಮ್ಮನಿಗೆ ಮಾತ್ರ ಫೋನ್ ಮಾಡಿ, ಪೆಟ್ಟಿಗೆ ಬಿದ್ದ ಜಾಗ ಯಾವುದೆಂದು ತಿಮ್ಮಣ್ಣ ಹೇಳಿದ್ದನೇ ಎಂದು ಕೇಳಿದ. ಹೇಳಿದ್ದ. ವಡಗೇರಾ ಕ್ರಾಸಿನ ಹತ್ತಿರದ ಸೇತುವೆ. ಬೈಕು ಜಾರಿ ಚೀಲ ಹಾರಿತಂತೆ.

ಬುಧವಾರ ಬೆಳಗಿನ ಅಳತೆ ಬರೆದು ಬಸವಂತ್ರಾಯ ಅಲ್ಲಿಗೆ ಹೋದ. ಸೇತುವೆಯ ಕೆಳಗೆ ಈಗ ನೀರು ಎದೆಮಟ್ಟ ಹರಿಯುತ್ತಿತ್ತು, ತಳ ಕಾಣಲಿಲ್ಲ. ಆದರೆ ನೀರಿನ ಮೇಲಿನ ಇಳಿಜಾರಿನಲ್ಲಿ ಸಿಮೆಂಟು ಬೆಳ್ಳಗೆ ಹೊಸದಾಗಿತ್ತು. ಬಂದ್ ದಿನಗಳಲ್ಲಿ ಅಲ್ಲಿ ಕಾಲುವೆಯ ದುರಸ್ತಿ ನಡೆದಿತ್ತು. ಕೆಲಸ ಮಾಡಿದ ಗ್ಯಾಂಗು ಅರ್ಧ ಮೈಲಿ ಆಚೆ, ರಸ್ತೆ ಬದಿಯ ತಡೆಗೋಡೆಯ ಕೆಲಸದಲ್ಲಿತ್ತು. ಮರಳು ಸೋಸುತ್ತಿದ್ದ ಹೆಂಗಸೊಬ್ಬಳು ಇವನ ಜೊತೆ ಇಲಾಖೆಯ ಜೀಪಿಲ್ಲದ್ದನ್ನು, ಕೈಯಲ್ಲಿ ಕಾಗದವಿಲ್ಲದ್ದನ್ನು ನೋಡಿ ಧೈರ್ಯವಾಗಿ ಮಾತಿಗೆ ನಿಂತಳು. ಹೆಸರು ಸಾಯಬಮ್ಮ.

"ಆ ಸೇತುವಿ ಕೆಳಗ ನೀರ್ ನಿಂತಿತ್ತೇನಬೇ, ನೀವು ಕೆಲಸ ಮಾಡಾಗ?"

"ನೀರಾ? ಕುಡ್ಯಾಕ ನೀರ್ ಇರಲಾರದಕ್ಕ ಟ್ಯಾಂಕರ್ ತರಸ್ಯಾರ ನಮಗ. ಸಿಮಿಟಿಗಿ ಹಾಕೋದೂ ಅದೇ ನೀರು."

"ತಗ್ಗಿನಾಗರೆ?"

"ಎಣ್ಣಾ, ತಗ್ಗಿನಾಗ ನಾವೇ ಮಲಗಿದ್ವಿ. ಸೇತುವಿ ನೆರಳು ತಂಪ ಇರ್ತದಂತ ಅಲ್ಲೇ ಒಲಿ ಹೂಡಿ, ಅಲ್ಲೇ ರೊಟ್ಟಿ ಬಡದು, ಅಲ್ಲೇ ಉಂಡೇವಿ. ಯಾಕ, ಏನರೆ ಕಳದದೇನು ನಿಮ್ಮದು?"

"ಯಾವತ್ತಿಂದ ಇದ್ರಿ ಅಲ್ಲಿ?"

ಸಾಯಬಮ್ಮ ಬೆರಳು ಮಡಚಿದಳು. "ಅಮಾಸಿಗಿ ಕೆಲಸ ಸೂಟಿ ಕೊಟ್ಟಿದ್ರು. ಅಮಾಸಿ ಶುಕ್ರಾರ. ಅದರ ಮುಂಚಿ ಐತಾರ ಬಂದಿಳದೇವಿ."

ಅಮಾವಾಸ್ಯೆ ಇಪ್ಪತ್ತನಾಲ್ಕಕ್ಕೆ. ಹಿಂದಿನ ಭಾನುವಾರ ಹತ್ತೊಂಬತ್ತು. ಇಪ್ಪತ್ತರ ಸಂಜೆ ಸಾಯಬಮ್ಮನ ಒಲೆ ಸೇತುವೆಯ ಕೆಳಗೆ ಉರಿಯುತ್ತಿತ್ತು.

"ಆ ಸೋಮಾರ ಸಂಜಿಗಿ ಮ್ಯಾಲಿಂದ ಒಂದು ಚೀಲ ಬಿತ್ತೇನು? ಬೈಕಿನಾಂವ ಯಾರರೆ ಇಳದು ಬಂದಿದ್ನೇನು?"

"ಬಿದ್ದಿದ್ರ ನನ್ನ ಹಂಚಿನ ಮ್ಯಾಲೇ ಬೀಳಬೇಕಿತ್ತು. ಯಾವನೂ ಬಂದಿಲ್ಲ."

ಹಿಂತಿರುಗುವ ಬಸ್ಸಿನಲ್ಲಿ ಬಸವಂತ್ರಾಯ ಕಿಟಕಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದ. ಮಾಸ್ತರರು ನೋಡಿರಲಿಲ್ಲ. ಪೇಪರ್ ಸುತ್ತಿ ಅಲಮಾರದಲ್ಲಿಟ್ಟು ಮೂರು ದಿನ ನಿಜವಾಗಿಯೂ ನೋಡಿರಲಿಲ್ಲ. ಕಂಡಕ್ಟರ್ ಶಹಾಪುರ ಬಂತೆಂದು ಭುಜ ಅಲುಗಿಸಿ ಎಬ್ಬಿಸಬೇಕಾಯಿತು.

ತಿಮ್ಮಣ್ಣನ ವಾರದ ರಜೆ ಶುಕ್ರವಾರ. ಶುಕ್ರವಾರ ಹತ್ತು ಗಂಟೆಗೆ ಬಸವಂತ್ರಾಯ ವಡಗೇರಾದಲ್ಲಿ ಅವನ ಮನೆಯ ಬಾಗಿಲಲ್ಲಿದ್ದ. ತಿಮ್ಮಣ್ಣ ನಗುನಗುತ್ತಲೇ ಬರಮಾಡಿಕೊಂಡು ಕುರ್ಚಿ ಹಾಕಿದ. ಕಟ್ಟೆಯ ಮೇಲೆ ಅವನ ತಾಯಿ ಮರಿಲಿಂಗಮ್ಮ ಕಡಲೆ ಹಸನು ಮಾಡುತ್ತಿದ್ದಳು.

"ಮಾಸ್ತರ ಒಪ್ಕೊಂಡ್ರೇನ್ರಿ, ಅಣ್ಣಾರ?"

"ಇನ್ನೂ ಇಲ್ಲ. ಅದಕ್ಕ ನಿನ್ನ ಕೇಳಾಕ ಬಂದೀನಿ. ಪೆಟಗಿ ಬಿದ್ದಾಗ ನೀರ್ ಎಷ್ಟಿತ್ತು?"

"ಸೊಂಟಮಟ ಇತ್ರಿ. ನಾನೇ ಇಳದೆ. ಏನ್ ಸೆಳವು ಅಂತೀರಿ! ಒಂದು ಚಪ್ಪಲಿ ಹರಕೊಂಡೇ ಹೋತು."

"ಯಾವ ಕಾಲಿಂದು?"

"ಎಡಗಾಲಿಂದು."

ಬಸವಂತ್ರಾಯ ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗಳ ಕಡೆ ನೋಡಲಿಲ್ಲ. ಅದರ ಅಗತ್ಯವಿರಲಿಲ್ಲ. ಮೊಬೈಲಿನಲ್ಲಿ ತೆಗೆದುಕೊಂಡು ಬಂದಿದ್ದ ರಿಜಿಸ್ಟರಿನ ಫೋಟೊ ತೆರೆದು ಮುಂದೆ ಹಿಡಿದ. "ಇದು ನನ್ನ ಅಕ್ಷರ. ಇಪ್ಪತ್ತನೇ ತಾರೀಖು ಓದು."

ತಿಮ್ಮಣ್ಣ ಓದಿದ. "ನಿಂತ ನೀರು ಇತ್ರಿ…"

"ಈಗಷ್ಟೇ ಸೆಳವು ಅಂದಿ. ಹತ್ತು ಮಂದಿ ಆ ಸೇತುವಿ ಕೆಳಗ ಕುಂತು ರೊಟ್ಟಿ ತಿನ್ನಾಕತ್ತಿದ್ರು, ತಿಮ್ಮಣ್ಣ. ನಿನ್ನ ಪೆಟಗಿ ಅವರ ಸಾರಿನ ಗಡಿಗ್ಯಾಗ ಬಿತ್ತೇನು?"

ಕಟ್ಟೆಯ ಮೇಲೆ ಕಡಲೆಯ ಮೊರ ನಿಂತಿತು. ಮರಿಲಿಂಗಮ್ಮ ಜೋರಾಗಿ ನಕ್ಕುಬಿಟ್ಟಳು. "ಸಣ್ಣಾಂವ ಇದ್ದಾಗೂ ಹಿಂಗೇ ಮಾಡ್ಯಾನ್ರಿ ಇಂವ. ಎಮ್ಮಿ ಕಾಲುವಿಗಿ ಹೋತು ಅಂತ ಅಳಕೋತ ಬಂದ. ಊರೆಲ್ಲಾ ಹಗ್ಗ ಹಿಡದು ಓಡ್ತು. ಎಮ್ಮಿ ಮನಿ ಹಿಂದ ಮೇಯಾಕತ್ತಿತ್ತು!" ನಗು ನಿಲ್ಲಿಸಿ ಮಗನ ಕಡೆ ತಿರುಗಿದಳು. "ಏನ್ ಕದ್ದಿ? ಕೊಡು ಅವರದು ಅವರಿಗಿ."

ತಿಮ್ಮಣ್ಣ ತಲೆ ತಗ್ಗಿಸಿ ಕುಳಿತ. ಆಮೇಲೆ ಹೇಳಿದ್ದು ಇಷ್ಟು. ದೀಪಾವಳಿಯ ಹೊತ್ತಿಗೆ ಅವನು ಆನ್‌ಲೈನಿನಲ್ಲಿ ಒಂದು ಮಾರ್ತಾ ತರಿಸಿದ್ದ. ಬಂದದ್ದು ಈ ನಕಲಿ. ವಾಪಸ್ ತೆಗೆದುಕೊಳ್ಳಿ ಎಂದು ಒಂದು ತಿಂಗಳು ಗೋಗರೆದ. ಪೆಟ್ಟಿಗೆಯ ತೂಕ ಸರಿ ಇದೆ, ಬದಲಿಸಿದವನು ನೀನೇ ಎಂದು ಅವರು ಖಾತೆಯನ್ನೇ ಮುಚ್ಚಿದರು. ದೇವಕಮ್ಮನ ಅಂಗಡಿಯಲ್ಲಿ ಅಸಲಿ ಕಂಡಾಗ ಅವಳು ವಾಪಸ್ ತೆಗೆದುಕೊಳ್ಳುತ್ತಾಳೆಂಬುದು ನೆನಪಾಯಿತು. ಪೆಟ್ಟಿಗೆಯ ಗೋಂದು ಬಿಡಿಸಲು ರಟ್ಟಿಗೆ ಒದ್ದೆ ಬಟ್ಟೆ ಸುತ್ತಿದ. ಕಲೆಯಾಯಿತು. ಕಲೆಗೊಂದು ಕಾರಣ ಬೇಕಾಯಿತು.

"ನನಗ ಮೋಸ ಆದಾಗ ಯಾರೂ ಕೇಳಲಿಲ್ರಿ, ಅಣ್ಣಾರ. ಇಡೀ ಅಂಗಡ್ಯಾಗ ಅಷ್ಟು ಮಾಲು ಅದ, ಅಕ್ಕಾರಿಗಿ ಏನ್ ಗೊತ್ತಾಗ್ತದ ಅಂದ್ಕೊಂಡೆ. ನಿಮಗ ಬರ್ತದಂತ ಗೊತ್ತಿರಲಿಲ್ಲ."

"ಮಾಸ್ತರ ಹೆಸರ್ ಯಾಕ ತಗೊಂಡಿ?"

ತಿಮ್ಮಣ್ಣ ಎದ್ದ. ಒಳಗೆ ಹೋಗಿ ಟ್ರಂಕಿನಿಂದ ಅಸಲಿ ಮಾರ್ತಾಳನ್ನು ತಂದ. ಬಸವಂತ್ರಾಯ ಹೆಡ್‌ಫೋನ್ ಬಿಚ್ಚಿ, ಹಾಕಿ, ಎರಡೂ ಮೊಣಕೈ ಮಡಚಿ, ಹದಿನಾಲ್ಕು ಕೀಲನ್ನೂ ಒಂದೊಂದಾಗಿ ನೋಡಿದ. ಸರಿ ಇದ್ದವು. ನಕಲಿಯನ್ನು ಚೀಲದಿಂದ ತೆಗೆದು, ಮೊಳೆಯೊಂದನ್ನು ಕೇಳಿ ಪಡೆದು, ಅವಳ ಅಂಗಾಲಿನ ಮೇಲೆ 'ನಕಲಿ' ಎಂದು ಕೆತ್ತಿ ತಿಮ್ಮಣ್ಣನ ಕೈಗೆ ಕೊಟ್ಟ.

"ಇಕಿ ಮುಂದ ಯಾರ ಮನಿಗೂ ಹೋಗಬಾರದು. ಈಗ ಗುಂಪಿನಾಗ ಬರಿ."

"ಏನಂತ ಬರೀಲ್ರಿ?"

"ಆಗಿದ್ದು ಬರಿ. ಮಾಸ್ತರ ಹೆಸರು ಹಚ್ಚಿ ಬರಿ. ದೇವಕಮ್ಮಗ ನೀನೇ ಫೋನ್ ಮಾಡು. ನಾ ಕುಂತಿರ್ತೀನಿ."

ತಿಮ್ಮಣ್ಣ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ನಾಲ್ಕು ಸಾಲು ಹಾಕಿದ. 'ಮಾರ್ತಾ ಬದಲಿಸಿದ್ದು ನಾನು. ಪೆಟ್ಟಿಗೆ ಕಾಲುವೆಗೆ ಬಿದ್ದಿರಲಿಲ್ಲ. ಅಂಬ್ರಪ್ಪ ಮಾಸ್ತರರ ತಪ್ಪು ಏನೂ ಇಲ್ಲ. ಅವರ ಮೇಲೆ ಹೊರಿಸಿದ್ದು ನನ್ನ ತಪ್ಪು.' ರಾಯಚೂರಿನವನು ತನ್ನ ಉಪವಾಸದ ಮಾತನ್ನು ಅಳಿಸಿದ. ದೇವಕಮ್ಮ ಫೋನಿನಲ್ಲಿ ಬೈದದ್ದು ಕಟ್ಟೆಯವರೆಗೂ ಕೇಳಿತು; ಮರಿಲಿಂಗಮ್ಮ ಪ್ರತಿ ಬೈಗುಳಕ್ಕೂ ಹೂಂಗುಟ್ಟಿದಳು. ಬೈದು ಮುಗಿಸಿದ ಮೇಲೆ ದೇವಕಮ್ಮ ಬಸವಂತ್ರಾಯನನ್ನು ಕರೆದು ಹೇಳಿದಳು: "ವಾಪಸ್ ತಗೊಳೋದು ಬಿಡಂಗಿಲ್ರಿ ನಾ. ಇನ್ನ ಮ್ಯಾಲ ತಂದವರ ಮುಂದೇ ಬಿಚ್ಚಿ ನೋಡ್ತೀನಿ, ಅಷ್ಟೇ."

ಗುಂಪು ಬಿಟ್ಟ ಮಾಸ್ತರರಿಗೆ ಇದಾವುದೂ ಗೊತ್ತಿರಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಬಸವಂತ್ರಾಯ ಶನಿವಾರ ಮಧ್ಯಾಹ್ನ ಸುರಪುರದ ಬಸ್ಸು ಹತ್ತಿದ.

ಮಾಸ್ತರರ ಮನೆ ಗುಡ್ಡದ ಇಳಿಜಾರಿನ ಓಣಿಯಲ್ಲಿ. ಅವರ ಹೆಂಡತಿ ಹನುಮಮ್ಮ ಬಾಗಿಲು ತೆರೆದಳು. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಪಕ್ಕಕ್ಕೆ ಸರಿದಳು. ಒಳಗೆ ಕಪಾಟು ಖಾಲಿಯಾಗಿತ್ತು. ನೆಲದ ಮೇಲೆ ನಾಲ್ಕು ರಟ್ಟಿನ ಡಬ್ಬಿ, ಒಂದೊಂದರ ಮೇಲೂ ಒಳಗಿರುವವರ ಹೆಸರು ಅಂದವಾದ ಅಕ್ಷರದಲ್ಲಿ. ಮಾಸ್ತರರು ಐದನೆಯದಕ್ಕೆ ಸುತಳಿ ಕಟ್ಟುತ್ತಿದ್ದರು.

ಬಸವಂತ್ರಾಯ ನಿಂತುಕೊಂಡೇ ಎಲ್ಲ ಹೇಳಿದ. ಚೀಟಿ, ರಿಜಿಸ್ಟರು, ಸಾಯಬಮ್ಮ, ತಿಮ್ಮಣ್ಣ. ತಾರೀಖು ಸಹಿತ, ಒಂದಾದ ಮೇಲೊಂದು. ತಿಮ್ಮಣ್ಣ ಬರೆದ ನಾಲ್ಕು ಸಾಲು ತೋರಿಸಿದ. ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಎರಡು ಸಲ ಓದಿದರು. ಹನುಮಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಲ್ಲೇ ಸೆರಗಿನಿಂದ ಮುಖ ಒರೆಸಿಕೊಂಡು, "ಯಪ್ಪಾ, ಪಾರಾದ್ವಿ," ಎಂದಳು.

ಮಾಸ್ತರರು ಫೋನ್ ಮರಳಿ ಕೊಟ್ಟರು. "ಒಂದು ಮಾತು ಕೇಳ್ತೀನಿ. ಖರೇ ಹೇಳ್ಬೇಕು."

"ಕೇಳ್ರಿ, ಸರ್."

"ನನ್ನ ಮ್ಯಾಲ ಸಂಶಯ ಪಟ್ಟಿದ್ರೇನು?"

ಇಲ್ಲ ಎನ್ನಬಹುದಿತ್ತು. ಆ ಮಾತು ಬಸವಂತ್ರಾಯನ ಬಾಯಿಗೆ ಬರಲಿಲ್ಲ.

"ಪಟ್ಟಿದ್ದೆ. ಸೋಮಾರ ಮಧ್ಯಾಹ್ನದಿಂದ ಮಂಗಳಾರ ಬೆಳಗ್ಗಿ ಆರರ ತನಕ ಪೂರಾ ಪಟ್ಟಿದ್ದೆ. ಆಮ್ಯಾಲ ಬುಧವಾರ ಸಾಯಬಮ್ಮ ಹೇಳೋ ತನಕ ಅರ್ಧ."

ಮಾಸ್ತರರು ಅವನನ್ನೇ ನೋಡಿದರು. ತುಟಿಯ ಮೂಲೆ ಮೊದಲು ಅಲುಗಿತು, ಆಮೇಲೆ ಹೆಗಲು. ನಗು ಬಂದಾಗ ಅವರಿಗೆ ಕೆಮ್ಮು ಬರುತ್ತಿತ್ತು. ಕೆಮ್ಮಿ, ನಕ್ಕು, ಗೋಡೆ ಹಿಡಿದು ಕುಳಿತರು.

"ಕೇಳಿದೇನಽ ಹನುಮಿ? ಅರ್ಧ ಅಂತ! ಸಂಶಯಕ್ಕೂ ಗೇಜ್ ಹಚ್ಯಾರ ಇವರು."

"ತಪ್ಪಾತ್ರಿ, ಸರ್."

"ತಪ್ಪಾತು, ಹೌದು. ನಾ ಐದು ದಿನ ಪೂರಾ ಅಂತ ತಿಳಕೊಂಡು ಕುಂತಿದ್ದೆ. ಮೂರುವರಿ ದಿನ ಉಳೀತು." ಅವರು ಸುತಳಿಯ ಗಂಟು ಬಿಚ್ಚಲು ಬೆರಳು ಹಾಕಿದರು. ಬಿಗಿಯಾಗಿ ಬಿದ್ದಿತ್ತು. "ಏನ್ ನೋಡಾಕತ್ತೀರಿ? ಈ ಮಂದಿನ್ನ ಮ್ಯಾಲ ಏರಸಾಕ ಒಬ್ಬನ ಕೈಲಿಂದ ಆಗಂಗಿಲ್ಲ. ಆ ಡಬ್ಬಿ ಬಿಚ್ರಿ. ಉದ್ದನ್ನವರು ಹಿಂದ, ಗಿಡ್ಡರು ಮುಂದ."

ಬಸವಂತ್ರಾಯ ನೆಲದ ಮೇಲೆ ಕುಳಿತು ಮೊದಲ ಡಬ್ಬಿ ಎಳೆದುಕೊಂಡ. ಹನುಮಮ್ಮ ಒಳಗಿನಿಂದ, ಚಹಾಕ್ಕೆ ಬೆಲ್ಲವೋ ಸಕ್ಕರೆಯೋ ಎಂದು ಕೂಗಿ ಕೇಳಿದಳು.